ನಿಷ್ಠೆಯೋ, ಲೆಕ್ಕ ತಪ್ಪಿಸುವ ನೆಪವೋ?

ವ್ಯಾಪಾರಿಯಾದವನು ವರ್ಷಾಂತ್ಯದಲ್ಲಿ ದಾಸ್ತಾನು ಬರೆಯುವಾಗ ಒಂದು ನಿಯಮವನ್ನು ಪಾಲಿಸುತ್ತಾನೆ. ಸರಕಿನ ಅಸಲು, ಮಾರಿದರೆ ಕೈಗೆ ಬರುವ ಬೆಲೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಪುಸ್ತಕಕ್ಕೆ ಏರಿಸಬೇಕು. ಇಪ್ಪತ್ತು ಸಾವಿರಕ್ಕೆ ಕೊಂಡ ಬಟ್ಟೆ ಬಣ್ಣ ಮಾಸಿ ಎಂಟು ಸಾವಿರಕ್ಕೆ ಇಳಿದಿದ್ದರೆ ಎಂಟು ಸಾವಿರವೆಂದೇ ಬರೆಯುತ್ತೇವೆ. ಅದೇ ವ್ಯಾಪಾರಿ ಮನೆಗೆ ಬಂದು ತನ್ನ ಷೇರುಗಳನ್ನು ಎಣಿಸುವಾಗ ಮಾತ್ರ ಕೊಂಡ ಬೆಲೆಯನ್ನು ಬಿಡಲೊಲ್ಲನು. "ಮಾರುವ ತನಕ ನಷ್ಟವಿಲ್ಲ" ಎನ್ನುತ್ತಾನೆ. ಅಂಗಡಿಯಲ್ಲಿ ಸಲ್ಲದ ಲೆಕ್ಕ ಮನೆಯಲ್ಲಿ ಸಲ್ಲುವುದೆಂತು? ಇದಕ್ಕೆ ನಿಷ್ಠೆಯೆಂಬ ಗೌರವದ ಹೆಸರನ್ನು ಕೊಡುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ.

ಯೆಸ್ ಬ್ಯಾಂಕಿನ ಉದಾಹರಣೆಯನ್ನೇ ನೋಡೋಣ. ೨೦೧೫-೧೬ರಲ್ಲಿ ತನ್ನ ಅನುತ್ಪಾದಕ ಸಾಲ ೭೪೯ ಕೋಟಿ ರೂಪಾಯಿ ಎಂದು ಅದು ತೋರಿಸಿತ್ತು. ರಿಸರ್ವ್ ಬ್ಯಾಂಕಿನ ಪರಿಶೀಲನೆಯಲ್ಲಿ ಆ ಮೊತ್ತ ೪,೯೨೬ ಕೋಟಿ ಎಂದಾಯಿತು. ಮರುವರ್ಷ ತೋರಿಸಿದ್ದು ೨,೦೧೮ ಕೋಟಿ, ಕಂಡುಬಂದದ್ದು ೮,೩೭೩ ಕೋಟಿ. ಇದು ಗುಟ್ಟಾಗಿರಲಿಲ್ಲ, ೨೦೧೭ರಲ್ಲೇ ಪ್ರಕಟವಾಗಿತ್ತು. ಆದರೂ ೨೦೧೮ರ ಆಗಸ್ಟ್‌ನಲ್ಲಿ ಷೇರಿನ ಬೆಲೆ ನಾನ್ನೂರು ರೂಪಾಯಿ ಮುಟ್ಟಿತು. ಅನಂತರ ಬೆಲೆ ಕುಸಿಯುತ್ತ ಹೋದಂತೆ ಸಣ್ಣ ಹೂಡಿಕೆದಾರರು ಹೊರಬರುವ ಬದಲು ಒಳಹೊಕ್ಕರು. ೨೦೧೯ರ ಕೊನೆಗೆ ಬ್ಯಾಂಕಿನ ಅರ್ಧದಷ್ಟು ಷೇರುಗಳು ಅವರ ಕೈಯಲ್ಲೇ ಇದ್ದವು. ೨೦೨೦ರ ಮಾರ್ಚ್ ೫ರಂದು ನಿರ್ಬಂಧ ಬಿದ್ದು, ಠೇವಣಿದಾರರಿಗೆ ಐವತ್ತು ಸಾವಿರದ ಮಿತಿ ಬಂದಿತು. ಪುನರ್ರಚನೆಯಲ್ಲಿ ನೂರಕ್ಕಿಂತ ಹೆಚ್ಚು ಷೇರುಗಳಿದ್ದವರ ಮುಕ್ಕಾಲು ಪಾಲನ್ನು ಮೂರು ವರ್ಷ ಮಾರದಂತೆ ತಡೆಯಲಾಯಿತು. "ಮುಂದೆ ಮಾರೋಣ" ಎಂದವರಿಗೆ ಮಾರುವ ಸ್ವಾತಂತ್ರ್ಯವೇ ಉಳಿಯಲಿಲ್ಲ.

ಜನ ಹೀಗೇಕೆ ಅಂಟಿಕೊಳ್ಳುತ್ತಾರೆ? ಅಮೆರಿಕದ ಟೆರೆನ್ಸ್ ಓಡಿಯನ್ ಎಂಬ ವಿದ್ವಾಂಸರು ಹತ್ತು ಸಾವಿರ ಖಾತೆಗಳನ್ನು ಪರಿಶೀಲಿಸಿ ೧೯೯೮ರಲ್ಲಿ ತೋರಿಸಿಕೊಟ್ಟಂತೆ, ಹೂಡಿಕೆದಾರರು ಲಾಭದ ಷೇರನ್ನು ಬೇಗ ಮಾರಿ ನಷ್ಟದ್ದನ್ನು ಇಟ್ಟುಕೊಳ್ಳುತ್ತಾರೆ. ಅವರು ಮಾರಿದ ಷೇರುಗಳೇ ಮುಂದಿನ ವರ್ಷ ಇಟ್ಟುಕೊಂಡವುಗಳಿಗಿಂತ ಹೆಚ್ಚು ಫಲ ಕೊಟ್ಟವು. ಕಾರಣ ಗೂಢವಲ್ಲ. ಮಾರಿದೊಡನೆ "ನಾನು ತಪ್ಪಿದೆ" ಎಂದು ಒಪ್ಪಿಕೊಳ್ಳಬೇಕಾಗುತ್ತದೆ. ಹೆಂಡತಿ ಮಕ್ಕಳ ಮುಂದೆ, ಬಂಧುಗಳ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಈ ಸಂಕೋಚವನ್ನು ತಪ್ಪಿಸಲು ಮಗಳ ಮದುವೆಗೆಂದು ಕೂಡಿಟ್ಟ ಹಣವನ್ನೂ "ಸರಾಸರಿ ಇಳಿಯುತ್ತದೆ" ಎಂದು ಅದೇ ಹೊಂಡಕ್ಕೆ ಸುರಿಯುತ್ತೇವೆ. ಇದು ಕಂಪನಿಯ ಮೇಲಿನ ನಿಷ್ಠೆಯಲ್ಲ, ತನ್ನ ತೀರ್ಮಾನದ ಮೇಲಿನ ಮೋಹ.

"ಸಂಕಷ್ಟದಲ್ಲಿ ಕೈಬಿಡುವುದು ಧರ್ಮವೇ?" ಎಂದು ಕೆಲವರು ಕೇಳಬಹುದು. ಪೇಟೆಯಲ್ಲಿ ನಾವು ಕೊಳ್ಳುವ ಹಳೆಯ ಷೇರಿನ ಹಣ ಹಿಂದಿನ ಮಾಲೀಕನಿಗೆ ಹೋಗುತ್ತದೆಯೇ ಹೊರತು ಕಂಪನಿಯ ಪೆಟ್ಟಿಗೆಗಲ್ಲ. ಹಾಗಿರುವಾಗ ನಾವು ಆಸರೆಯಾದದ್ದು ಯಾರಿಗೆ? ಮುಳುಗುತ್ತಿದ್ದ ಕಂಪನಿ ಎದ್ದುನಿಂತ ನಿದರ್ಶನವಿಲ್ಲವೇ ಎಂದರೆ, ಉಂಟು. ೧೯೯೭ರಲ್ಲಿ ಆಪಲ್ ಕಂಪನಿ ನೂರು ಕೋಟಿ ಡಾಲರಿಗೂ ಮೀರಿದ ನಷ್ಟ ಕಂಡು ಮೇಲೆದ್ದಿತು. ಆದರೆ ಅಲ್ಲಿ ಆಡಳಿತ ಬದಲಾಯಿತು, ಅನಗತ್ಯ ಉತ್ಪನ್ನಗಳು ನಿಂತವು. ನಂಬುವವನಿಗೆ ಕಣ್ಣಿಗೆ ಕಾಣುವ ಕಾರಣವಿತ್ತು. ತಾಳ್ಮೆಗೆ ಆಧಾರ ಬೇಕು. ಆಧಾರವಿಲ್ಲದ ತಾಳ್ಮೆ ಆಲಸ್ಯಕ್ಕೆ ಸಮಾನ.

ನಿಜವಾದ ನಿಷ್ಠೆ ಪ್ರಶ್ನೆ ಕೇಳುತ್ತದೆ. ಲೆಕ್ಕಪರಿಶೋಧಕರ ವರದಿಯನ್ನು ಓದುತ್ತದೆ, ವಾರ್ಷಿಕ ಸಭೆಯಲ್ಲಿ ಎದ್ದು ನಿಲ್ಲುತ್ತದೆ, ಉತ್ತರ ಬಾರದಿದ್ದರೆ ಹೊರಬರುತ್ತದೆ. ದೋಷವನ್ನು ಕಂಡೂ ಸುಮ್ಮನಿರುವ ಷೇರುದಾರನು ದೋಷಕ್ಕೆ ಪಾಲುದಾರನೂ ಆಗುತ್ತಾನೆ. ಪರರ ನಿಧಿಯನ್ನು ಕಾಯುವವರಿಗಂತೂ ಈ ಮೌನದ ಹಕ್ಕು ಎಳ್ಳಷ್ಟೂ ಇಲ್ಲ.

ವಾಚಕರು ಈ ವರ್ಷ ಲೆಕ್ಕ ಮುಗಿಸುವ ಮುನ್ನ ಪ್ರತಿಯೊಂದು ಷೇರನ್ನೂ ಮುಂದಿಟ್ಟುಕೊಂಡು ತಮ್ಮನ್ನೇ ಕೇಳಿಕೊಳ್ಳಲಿ: ಇದು ನನ್ನಲ್ಲಿ ಇಲ್ಲದಿದ್ದರೆ ಇಂದಿನ ಬೆಲೆಗೆ ಕೊಳ್ಳುತ್ತಿದ್ದೆನೇ? ಇಲ್ಲವೆಂದಾದರೆ, ಇನ್ನೂ ಇಟ್ಟುಕೊಂಡಿರುವುದೇಕೆ?