ಗಂಟೆಗಿಷ್ಟು ಎಂದ ಮೇಲೆ ಓ.ಟಿ. ಕೊಡಬೇಡವೆ?

ಓ.ಟಿ. ಎಂದರೆ ಆಸ್ಪತ್ರೆಯವರಿಗೆ ಆಪರೇಷನ್ ಥಿಯೇಟರ್. ಕಾರ್ಖಾನೆಯವರಿಗೆ ಓವರ್‌ಟೈಮ್, ಅಂದರೆ ಹೊತ್ತು ಮೀರಿ ದುಡಿದದ್ದಕ್ಕೆ ಸಿಗುವ ಹೆಚ್ಚಿನ ಕೂಲಿ. ಅಮೆರಿಕದ ಆಸ್ಪತ್ರೆಗಳಲ್ಲಿ ಈ ಎರಡು ಓ.ಟಿ.ಗಳ ನಡುವೆ ಸಿಕ್ಕಿಕೊಂಡವರು ಫಿಸಿಷಿಯನ್ ಅಸಿಸ್ಟೆಂಟರು. ನಿಮ್ಮ ಮಗಳೋ ಅಳಿಯನೋ ಅಲ್ಲಿ ಈ ಕೆಲಸದಲ್ಲಿದ್ದರೆ, ಅಥವಾ ಅದಕ್ಕಾಗಿ ಓದುತ್ತಿದ್ದರೆ, ಈ ವಿಷಯ ನಿಮ್ಮ ಮನೆಗೂ ಸಂಬಂಧಿಸಿದ್ದು.

ಅಸಿಸ್ಟೆಂಟ್ ಎಂಬ ಹೆಸರು ಕೇಳಿ ನಮ್ಮ ಹಳೆಯ ಕಾಂಪೌಂಡರನ್ನು ನೆನೆಸಿಕೊಳ್ಳಬೇಡಿ. ವೈದ್ಯರ ಕೊರತೆ ನೀಗಿಸಲೆಂದು 1965ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಅವರು ನೌಕಾಪಡೆಯಲ್ಲಿ ವೈದ್ಯಕೀಯ ಸೇವೆ ಮಾಡಿ ಬಂದಿದ್ದವರನ್ನು ಸೇರಿಸಿಕೊಂಡು ಈ ತರಬೇತಿ ಆರಂಭಿಸಿದರು. ಇಂದು ಇವರು ರೋಗಿಯನ್ನು ಪರೀಕ್ಷಿಸುತ್ತಾರೆ, ಔಷಧಿ ಬರೆಯುತ್ತಾರೆ, ಗಾಯಕ್ಕೆ ಹೊಲಿಗೆ ಹಾಕುತ್ತಾರೆ, ಶಸ್ತ್ರಚಿಕಿತ್ಸೆಯಲ್ಲಿ ಸರ್ಜನ್ ಪಕ್ಕದಲ್ಲಿ ನಿಲ್ಲುತ್ತಾರೆ.

ತಕರಾರು ಹುಟ್ಟುವುದು ಇಲ್ಲಿಯೇ. ಅಮೆರಿಕದ 1938ರ ಕಾರ್ಮಿಕ ಕಾಯಿದೆಯ ಪ್ರಕಾರ ವಾರಕ್ಕೆ 40 ಗಂಟೆ ಮೀರಿದ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಹೆಚ್ಚು ಓದಿದ ವೃತ್ತಿಪರರಿಗೆ ಇದು ಅನ್ವಯಿಸುವುದಿಲ್ಲ. ಆದರೆ ಹಾಗೆ ಹೊರಗಿಡಲು ಕೆಲಸದ ಸ್ವರೂಪವೊಂದೇ ಸಾಲದು, ಅವರಿಗೆ ನಿಗದಿತ ಸಂಬಳವೂ ಇರಬೇಕು. ವಾರಕ್ಕೆ ಕನಿಷ್ಠ 684 ಡಾಲರ್, ಕೆಲಸ ಹೆಚ್ಚಿರಲಿ ಕಡಿಮೆ ಇರಲಿ, ಕೈಗೆ ಬರಲೇಬೇಕು. ಆದರೆ ವೈದ್ಯರಿಗೆ ಮತ್ತು ವಕೀಲರಿಗೆ ಈ ಸಂಬಳದ ಷರತ್ತಿಲ್ಲ. ಗಂಟೆ ಲೆಕ್ಕದಲ್ಲಿ ದುಡಿದರೂ ಅವರಿಗೆ ಓವರ್‌ಟೈಮ್ ಸಿಗದು.

ಹಾಗಾದರೆ ಗಂಟೆ ಲೆಕ್ಕದ ಫಿಸಿಷಿಯನ್ ಅಸಿಸ್ಟೆಂಟ್ ಯಾವ ಗುಂಪಿಗೆ ಸೇರಿದವರು? ಎಮ್‌ಕೇರ್ ಎಂಬ ಸಂಸ್ಥೆಯ ವಿರುದ್ಧದ ಮೊಕದ್ದಮೆಯಲ್ಲಿ 2006ರಲ್ಲಿ ಐದನೇ ವಲಯದ ಮೇಲ್ಮನವಿ ನ್ಯಾಯಾಲಯ ಇದನ್ನು ಇತ್ಯರ್ಥಪಡಿಸಿತು: ವೈದ್ಯರಿಗಿರುವ ಆ ವಿಶೇಷ ನಿಯಮ ಇವರಿಗೆ ಅನ್ವಯಿಸದು. ಕಾರ್ಮಿಕ ಇಲಾಖೆಯ ನಿಲುವೂ ಅದೇ ಆಗಿತ್ತು. ಗಂಟೆಗೆ 60 ಡಾಲರ್ ಪಡೆಯುವವರು ವಾರದಲ್ಲಿ 50 ಗಂಟೆ ದುಡಿದರೆ ಅವರಿಗೆ ಸಲ್ಲಬೇಕಾದದ್ದು 3,000 ಅಲ್ಲ, 3,300 ಡಾಲರ್.

"ಇಷ್ಟು ಗಳಿಸುವವರಿಗೆ ಕೂಲಿಕಾರರ ಸವಲತ್ತು ಏಕೆ?" ಎಂದು ನೀವು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ತೀರ್ಪು ಸರಿಯಾಗಿಯೇ ಇದೆ. ರೋಗಿಗಳು ಕಡಿಮೆ ಇರುವ ದಿನ "ನೀವು ಮನೆಗೆ ಹೊರಡಿ" ಎಂದು ಆ ಗಂಟೆಗಳ ದುಡ್ಡು ಉಳಿಸುವ ಆಡಳಿತ, ವಾರ್ಡು ತುಂಬಿ ತುಳುಕುವ ದಿನ "ನೀವು ವೃತ್ತಿಪರರು, ಗಂಟೆ ಎಣಿಸಬಾರದು" ಎಂದರೆ ಹೇಗೆ? ನಷ್ಟ ನೌಕರನದು, ಲಾಭ ತನ್ನದು ಎಂದ ಹಾಗಾಯಿತು. 2023ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ವರ್ಷಕ್ಕೆ 2 ಲಕ್ಷ ಡಾಲರ್‌ಗೂ ಮಿಕ್ಕಿ ಗಳಿಸುತ್ತಿದ್ದ ತೈಲ ಕಂಪನಿಯ ನೌಕರನೊಬ್ಬನಿಗೂ, ದಿನಗೂಲಿ ಲೆಕ್ಕದಲ್ಲಿ ದುಡಿದ ಕಾರಣಕ್ಕೆ, ಓವರ್‌ಟೈಮ್ ಸಲ್ಲಬೇಕೆಂದಿತು. ಮುಖ್ಯವಾದದ್ದು ಎಷ್ಟು ಗಳಿಸುತ್ತಾರೆಂಬುದಲ್ಲ, ಯಾವ ಲೆಕ್ಕದಲ್ಲಿ ಕೊಡುತ್ತಾರೆಂಬುದು.

ಆರೋಗ್ಯದ ಅಂಕಣದಲ್ಲಿ ಸಂಬಳದ ಮಾತೇಕೆ ಎನ್ನುವಿರಾ? ಸತತ 17 ಗಂಟೆ ಎಚ್ಚರವಿದ್ದವರ ಕೈಚಳಕ ಮತ್ತು ಗಮನ, ರಕ್ತದಲ್ಲಿ 100 ಮಿ.ಲೀ.ಗೆ 50 ಮಿ.ಗ್ರಾಂ ಮದ್ಯಸಾರವಿದ್ದವರ ಮಟ್ಟಕ್ಕೆ ಇಳಿಯುತ್ತದೆಂದು ಆಸ್ಟ್ರೇಲಿಯದ ಸಂಶೋಧಕರು 1997ರಲ್ಲಿ ತೋರಿಸಿದರು. ನಮ್ಮಲ್ಲಿ 30 ಮಿ.ಗ್ರಾಂ ದಾಟಿದರೆ ವಾಹನ ಓಡಿಸುವಂತಿಲ್ಲ! ಅಂಥ ಸ್ಥಿತಿಯಲ್ಲಿ ಇಂಜೆಕ್ಷನ್ನಿನ ಪ್ರಮಾಣ ಲೆಕ್ಕ ಹಾಕಬಹುದೆ? 1938ರ ಕಾಯಿದೆ ವಯಸ್ಕರ ದುಡಿಮೆಗೆ ಗಂಟೆಗಳ ಮಿತಿಯನ್ನೇನೂ ಹಾಕಿಲ್ಲ. ಹೆಚ್ಚು ದುಡಿಸಿದರೆ ದುಬಾರಿಯಾಗುವಂತೆ ಮಾಡಿದೆ, ಅಷ್ಟೆ. ಒಬ್ಬರಿಂದಲೇ 60 ಗಂಟೆ ಮಾಡಿಸುವುದಕ್ಕಿಂತ ಇನ್ನೊಬ್ಬರನ್ನು ನೇಮಿಸುವುದು ಮೇಲೆಂದು ಆಡಳಿತಕ್ಕೆ ಅನ್ನಿಸಬೇಕು. ಹಣದ ಆಸೆಗೆ ತಾವಾಗಿಯೇ ಹೆಚ್ಚು ಡ್ಯೂಟಿ ಕೇಳಿ ಪಡೆಯುವವರೂ ಇದ್ದಾರೆ, ಇಲ್ಲವೆನ್ನಲಾರೆ. ಅವರಿಗೆ ಈ ಕಡಿವಾಣ ನಾಟುವುದಿಲ್ಲ. ಮನೆಯವರು ಫೋನಿನಲ್ಲಿ "ಎಷ್ಟು ಬಂತು?" ಎಂದು ಕೇಳುವ ಮೊದಲು "ನಿನ್ನೆ ಎಷ್ಟು ಹೊತ್ತು ಮಲಗಿದೆ?" ಎಂದು ಕೇಳುವುದು ಒಳ್ಳೆಯದು.

ಅದೇ ಫೋನಿನಲ್ಲಿ ಇನ್ನೂ ಕೆಲವು ಮಾತು ತಿಳಿಸಿ. ನೇಮಕದ ಪತ್ರದಲ್ಲಿ ವಾರಕ್ಕೆ ಖಾತರಿ ಸಂಬಳವಿದೆಯೇ, ಇಲ್ಲಾ ಬರೀ ಗಂಟೆಯ ದರವೇ ಎಂದು ನೋಡಿಕೊಳ್ಳಲಿ. ಖಾತರಿ ಸಂಬಳವಿದ್ದರೆ ಲೆಕ್ಕ ಬೇರೆಯಾದೀತು. ಆಸ್ಪತ್ರೆಗಳು ನೌಕರರೊಡನೆ ಮೊದಲೇ ಒಪ್ಪಂದ ಮಾಡಿಕೊಂಡು 14 ದಿನದ ಲೆಕ್ಕ ಇಡಬಹುದು. ಆಗ ದಿನಕ್ಕೆ 8 ಗಂಟೆ ಅಥವಾ 14 ದಿನಕ್ಕೆ 80 ಗಂಟೆ ಮೀರಿದ ದುಡಿಮೆ ಓವರ್‌ಟೈಮ್ ಆಗುತ್ತದೆ. "ಓವರ್‌ಟೈಮ್ ಬೇಡ" ಎಂದು ಸಹಿ ಹಾಕಿಸಿಕೊಂಡಿದ್ದರೂ ಹಕ್ಕು ಹೋಗುವುದಿಲ್ಲ. ರಾತ್ರಿ ಮನೆಗೆ ಬಂದು ಊಟ ಮುಗಿಸಿ ಕಂಪ್ಯೂಟರಿನಲ್ಲಿ ರೋಗಿಗಳ ಕೇಸ್ ಷೀಟು ಬರೆಯುವ ಆ ಗಂಟೆಯೂ, ಆಡಳಿತಕ್ಕೆ ಗೊತ್ತಿದ್ದು ನಡೆಯುತ್ತಿದ್ದರೆ, ದುಡಿಮೆಯೇ. ಅದನ್ನು ತಾರೀಖು ಸಮೇತ ಒಂದು ಡೈರಿಯಲ್ಲಿ ಬರೆದಿಡಲಿ. ಬಾಕಿ ಕೇಳಲು ಸಾಮಾನ್ಯವಾಗಿ ಇರುವ ಅವಧಿ 2 ವರ್ಷ, ಬೇಕೆಂದೇ ತಪ್ಪಿಸಿದ್ದರೆ 3 ವರ್ಷ.