ತಾರಸಿಯ ತಂಪು ಯಾರ ಪಾಲಿಗೆ?

ನಾಗಪುರದ ಬೇಸಗೆಯನ್ನು ನಮ್ಮ ಕಾರ್ಮಿಕ ಬಂಧುಗಳಿಗೆ ಬಣ್ಣಿಸಬೇಕಾಗಿಲ್ಲ. ಮೇ ತಿಂಗಳಲ್ಲಿ 45 ಡಿಗ್ರಿ ಇಲ್ಲಿ ಅಪರೂಪವಲ್ಲ. 2013ರಲ್ಲಿ 47ನ್ನೂ ದಾಟಿತು. ಹಗಲೆಲ್ಲ ಕಾದ ತಗಡೂ ಕಾಂಕ್ರೀಟೂ ಇರುಳೆಲ್ಲ ಆ ಕಾವನ್ನು ಮನೆಯೊಳಗೆ ಕಾರುತ್ತವೆ. ನಿದ್ದೆಗೆಟ್ಟವನು ಬೆಳಗಾದರೆ ಯಂತ್ರದ ಮುಂದೆ ನಿಲ್ಲಬೇಕು. ಆದ್ದರಿಂದ ತಂಪನ್ನು ಕೇಳುವುದು ಶೋಕಿಯೆಂದು ಯಾರೂ ಹಳಿಯದಿರಲಿ.

“ಕೂಲರ್ ಇದೆಯಲ್ಲ?” ಎನ್ನುವವರುಂಟು. ಇದೆ; ಆದರೆ ಅದು ನೀರು ಕುಡಿಯುತ್ತದೆ, ನೀರಿಗೆ ತತ್ವಾರ ಬರುವುದೂ ಅದೇ ತಿಂಗಳಲ್ಲಿ. ಏರ್ ಕಂಡೀಷನರ್ ಎಂದರೆ ಕೊರಾಡಿಯಲ್ಲಿ ಕಲ್ಲಿದ್ದಲು ಸುಟ್ಟು, ನಮ್ಮ ಕೋಣೆಯ ಸೆಕೆಯನ್ನು ನೆರೆಯವನ ಕಿಟಕಿಗೆ ಊದುವುದು.

ಬೇರೊಂದು ದಾರಿಯಿದೆ. ಹಗಲು ಸೂರ್ಯನಿಂದ ನೀರು ಕಾಯಿಸುವಂತೆಯೇ ಇರುಳು ಆಕಾಶಕ್ಕೆ ಶಾಖ ಬಿಟ್ಟು ನೀರನ್ನು ತಣಿಸಬಹುದು. ವಸ್ತುಗಳು ಹೊರಸೂಸುವ ಕಾಣದ ಶಾಖಕಿರಣಗಳಲ್ಲಿ ಒಂದು ಪಾಲು ಒಣ ಗಾಳಿಯನ್ನು ತೂರಿ ಬಾಹ್ಯಾಕಾಶ ಸೇರುತ್ತದೆ. ಅಲಹಾಬಾದಿನಲ್ಲಿ ಚಳಿಗಾಲದ ಇರುಳು ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು ಮಂಜುಗಡ್ಡೆ ಮಾಡುತ್ತಿದ್ದುದನ್ನು 1775ರಲ್ಲೇ ರಾಬರ್ಟ್ ಬಾರ್ಕರ್ ಬರೆದಿಟ್ಟಿದ್ದಾನೆ. ಅಮೆರಿಕದ ಹೆರಾಲ್ಡ್ ಹೇ ಅವರ ಯೋಜನೆಯಂತೆ 1973ರಲ್ಲಿ ಕ್ಯಾಲಿಫೋರ್ನಿಯದ ಅಟಾಸ್ಕಡೆರೊದಲ್ಲಿ ಎದ್ದ ಮನೆಗೆ, ಮಾಳಿಗೆಯ ಮೇಲಿನ ನೀರೇ ಚಳಿಗೆ ಕಾವನ್ನೂ ಸೆಕೆಗೆ ತಂಪನ್ನೂ ಕೊಟ್ಟಿತು.

ನಾವು ಉತ್ಪ್ರೇಕ್ಷೆ ಮಾಡುವುದಿಲ್ಲ. ಸುಡುಬಿಸಿಲು ಚದರ ಮೀಟರಿಗೆ ಸುಮಾರು 1000 ವಾಟ್ ಕೊಟ್ಟರೆ ಇರುಳಿನ ಆಕಾಶ ಒಯ್ಯುವುದು 50ರ ಆಸುಪಾಸು. ಗಾಜು ಹೊದಿಸಿದ ಸೋಲಾರ್ ಪೆಟ್ಟಿಗೆ ಇದಕ್ಕೆ ಒದಗದು. ಗಾಜು ಆ ಕಿರಣಗಳನ್ನು ತಡೆಯುತ್ತದೆ. ಬಣ್ಣ ಬಳಿದ ತೆರೆದ ತಗಡಿನ ಫಲಕ ಬೇಕು, ಅದೂ ಮಾಳಿಗೆಯಗಲ. ಮಳೆಗಾಲದ ಮೋಡ ಕವಿದರೆ ಅದರ ಕೆಲಸ ಮುಗಿಯಿತು. ಆದರೆ ಏಪ್ರಿಲ್–ಮೇ ತಿಂಗಳ ಶುಭ್ರ ಒಣ ಇರುಳುಗಳಿಗೆ ನಾಗಪುರದಲ್ಲಿ ಬರವಿಲ್ಲ. ಫಲಕದಲ್ಲಿ ತಣಿದ ನೀರನ್ನು ಸಣ್ಣ ಪಂಪೊಂದು ಚಾವಣಿಯ ಕೊಳವೆಗಳಲ್ಲಿ ಹರಿಸಿದರೆ ಗೋಡೆ–ಸೂರುಗಳ ಕಾವು ಇಳಿದೀತು. ಅದೇ ಫಲಕ ಚಳಿಗಾಲದ ಹಗಲಲ್ಲಿ ಸ್ನಾನದ ನೀರನ್ನು ಬೆಚ್ಚಗೆ ಮಾಡೀತು.

ಹಾಗಾದರೆ ಅಡ್ಡಿ ಎಲ್ಲಿದೆ? ಮನೆ ಕಟ್ಟಿಸುವವನು ಬೇರೆ, ಅದರಲ್ಲಿ ಬೇಯುವವನು ಬೇರೆ. ಕರೆಂಟಿನ ಬಿಲ್ಲು ಬೇಯುವವನ ತಲೆಗೆ. ಕಟ್ಟಿಸುವವನಿಗೇಕೆ ಚಿಂತೆ? ಕೇಂದ್ರದ ಸೋಲಾರ್ ಸಿಟಿ ಪಟ್ಟಿಯಲ್ಲಿ ನಾಗಪುರದ ಹೆಸರೂ ಬಂತು, ನಮ್ಮ ಮೈಸೂರಿನ ಹೆಸರೂ ಬಂತು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕಣ್ಣಿಗೆ ನಿದ್ದೆ ಹತ್ತದು.

ನಮ್ಮ ಬೇಡಿಕೆ ಇಷ್ಟೆ: ಈ ಬೇಸಗೆಗೆ ಮುನ್ನ ಎಲ್ಲ ಕಾರ್ಮಿಕ ವಸತಿಗಳ ಮಾಳಿಗೆಗೂ ಸುಣ್ಣ ಬಳಿಯಲಿ. ಒಂದು ವಸತಿ ಸಾಲಿನಲ್ಲಾದರೂ ಇಂಥ ಫಲಕ ಹಾಕಿ, ಒಳಗಿನ ಉಷ್ಣಮಾನವನ್ನು ದಿನವೂ ಬಾಗಿಲಲ್ಲಿ ಬರೆದು ತೂಗುಹಾಕಲಿ. ಸಫಲವಾದರೆ ಹೊಸ ವಸತಿಗಳ ನಕ್ಷೆಯಲ್ಲೇ ಸೇರಲಿ. ಬಂಧುಗಳೆ, ವೇತನದ ಬೇಡಿಕೆಯ ಪಕ್ಕದಲ್ಲೇ ಇದನ್ನೂ ಬರೆಯೋಣ.