ನಗು ನಿಂತರೆ ಮಾತು ಬರುತ್ತದೆ

ಬಸವಕಲ್ಯಾಣದ ಬಜಾರಿನಲ್ಲಿ ಒಂದು ಸುತ್ತು ಹಾಕಿದರೆ ಕನ್ನಡ, ಉರ್ದು, ಮರಾಠಿ, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಹುಮನಾಬಾದಿನ ಬಸ್ ನಿಲ್ದಾಣದಲ್ಲಿ ತೆಲುಗೂ ಸೇರಿಕೊಳ್ಳುತ್ತದೆ. ಮನೆಯಲ್ಲಿ ಒಂದು, ಓಣಿಯಲ್ಲಿ ಇನ್ನೊಂದು, ಅಂಗಡಿಯಲ್ಲಿ ಮತ್ತೊಂದು ಭಾಷೆ ಆಡುವ ನಾವು, ಇಂಗ್ಲಿಷ್ ತರಗತಿಯಲ್ಲಿ ಪ್ರಶ್ನೆ ಕೇಳಿದ ಕೂಡಲೇ ತಲೆ ತಗ್ಗಿಸುತ್ತೇವೆ. ಭಾಷೆ ಕಲಿಯುವ ಶಕ್ತಿ ನಮಗಿಲ್ಲ ಎನ್ನಲಾದೀತೇ?

ಬಜಾರಿನಲ್ಲಿ ಮರಾಠಿ ತಪ್ಪಿದರೂ ಅಂಗಡಿಯವರು ಅರ್ಥ ಮಾಡಿಕೊಂಡು ಸಾಮಾನು ಕೊಡುತ್ತಾರೆ. ತರಗತಿಯಲ್ಲಿ ಒಂದು ಪದ ತಪ್ಪಿದರೆ ಹಿಂದಿನ ಬೆಂಚಿನಿಂದ ನಗು ಕೇಳುತ್ತದೆ. ಹತ್ತನೆಯವರೆಗೆ ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದವರಿಗೆ ಆ ನಗು ಒಮ್ಮೆ ತಾಗಿದರೆ ಸಾಕು, ವರ್ಷವಿಡೀ ಬಾಯಿ ತೆರೆಯುವುದಿಲ್ಲ.

ಈ ಭಯ ನಮ್ಮೂರಿನದಷ್ಟೇ ಅಲ್ಲ. ಅಮೆರಿಕದ ಎಲೈನ್ ಹಾರ್ವಿಟ್ಜ್ ಮತ್ತು ಸಂಗಡಿಗರು ಪರಭಾಷಾ ತರಗತಿಯ ಆತಂಕವನ್ನು ಅಳೆಯಲು 1986ರಲ್ಲಿ 33 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅವರು ಪರೀಕ್ಷಿಸಿದ್ದು ಸ್ಪ್ಯಾನಿಷ್ ಕಲಿಯುತ್ತಿದ್ದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು. ಉಳಿದವರು ನಗುತ್ತಾರೆಂಬ ಅಂಜಿಕೆಯೂ ಆ ಹೇಳಿಕೆಗಳಲ್ಲಿ ಒಂದು.

ಹಾಗಾದರೆ ಮಾತಾಡಲು ಧೈರ್ಯ ಬರುವುದು ಹೇಗೆ? ಮೊದಲ ಕೆಲಸ ನಮ್ಮದೇ: ಯಾರು ತಪ್ಪಿದರೂ ನಗಬಾರದು.

ಉಪನ್ಯಾಸಕರಲ್ಲೂ ಕೆಲವು ವಿನಂತಿಗಳಿವೆ. ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಕಾಯಿರಿ. ಮೇರಿ ಬಡ್ ರೋ ಎಂಬ ಸಂಶೋಧಕಿ ವಿಜ್ಞಾನ ತರಗತಿಗಳನ್ನು ಗಮನಿಸಿದಾಗ, ಶಿಕ್ಷಕರು ಉತ್ತರಕ್ಕಾಗಿ ಸುಮಾರು ಒಂದೇ ಸೆಕೆಂಡು ಕಾಯುವುದು ಕಂಡುಬಂತು. ಮೂರು ಸೆಕೆಂಡು ಕಾದಾಗ ಉತ್ತರಗಳು ಉದ್ದವಾದವು, ಸುಮ್ಮನಿರುತ್ತಿದ್ದವರೂ ಮಾತಾಡಿದರು. ಮನೆಯ ಭಾಷೆಯಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವ ನಮಗೆ ಆ ಸಮಯ ಇನ್ನೂ ಹೆಚ್ಚು ಬೇಕು. ಎಲ್ಲರೆದುರು ಎಬ್ಬಿಸುವ ಮೊದಲು ಪಕ್ಕದವರೊಡನೆ ಎರಡು ನಿಮಿಷ ಮಾತಾಡಲು ಬಿಡಿ. ವಾಕ್ಯ ಮುಗಿದ ಮೇಲೆ ತಿದ್ದಿರಿ. ಕಲ್ಯಾಣದ ಕೋಟೆಯ ಬಗ್ಗೆ, ಹುಮನಾಬಾದಿನ ಜಾತ್ರೆಯ ಬಗ್ಗೆ ಕೇಳಿ. ಹೇಳಲು ವಿಷಯವಿದ್ದರೆ ಪದಗಳನ್ನು ಹುಡುಕಿಕೊಳ್ಳುತ್ತೇವೆ.

ಇದರಿಂದ ಪಠ್ಯ ಹಿಂದೆ ಬೀಳುತ್ತದೆ, ವಾರ್ಷಿಕ ಪರೀಕ್ಷೆ ಬರವಣಿಗೆಯದ್ದಲ್ಲವೇ ಎನ್ನಬಹುದು. ನಿಜ. ಆದರೆ ನಾಳೆ ಕಲಬುರಗಿಯಲ್ಲೋ ಹೈದರಾಬಾದಿನಲ್ಲೋ ಸಂದರ್ಶನಕ್ಕೆ ಕೂತಾಗ ಉತ್ತರ ಪತ್ರಿಕೆ ನಮ್ಮ ಪರವಾಗಿ ಮಾತಾಡುವುದಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಮನೆಯಲ್ಲಾಗಲಿ ಓಣಿಯಲ್ಲಾಗಲಿ ಇಂಗ್ಲಿಷ್ ಆಡುವ ಅವಕಾಶವಿಲ್ಲ. ಇರುವುದು ಈ ಒಂದು ತರಗತಿ. ವಾರಕ್ಕೆ ಹದಿನೈದು ನಿಮಿಷ ಮಾತಿಗೆಂದೇ ಮೀಸಲಿಟ್ಟು ಆರಂಭಿಸೋಣ.